ಆಲನ್ ಪೇಜ್ ಎಂಬ ಆಟಗಾರನ ಪೂರ್ತಿ ಲೆಕ್ಕ

ಅಮೆರಿಕನ್ ಫುಟ್‌ಬಾಲ್ ಲೀಗಿನ ಮಿನ್ನೆಸೋಟಾ ವೈಕಿಂಗ್ಸ್ ತಂಡದ ಮಾತೆತ್ತಿದರೆ ಸಾಕು, ನಾಲ್ಕು ಸಲ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತಲುಪಿ ನಾಲ್ಕೂ ಸಲ ಸೋತವರು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಲೆಕ್ಕ ಸರಿಯೇ. 1970ರ ಜನವರಿಯಲ್ಲಿ ಕ್ಯಾನ್ಸಸ್ ಸಿಟಿ ಎದುರು 23–7, ಆಮೇಲೆ ಮಯಾಮಿ ಎದುರು 24–7, ಪಿಟ್ಸ್‌ಬರ್ಗ್ ಎದುರು 16–6, 1977ರಲ್ಲಿ ಓಕ್ಲಂಡ್ ಎದುರು 32–14. ಆ ನಾಲ್ಕೂ ಪಂದ್ಯಗಳಲ್ಲಿ ಆಡಿದ ಆಲನ್ ಪೇಜ್ ಅವರನ್ನು ‘ಒಮ್ಮೆಯೂ ಗೆಲ್ಲದವರು’ ಎಂದು ಬದಿಗಿಡುವವರನ್ನು ನಾನು ಇಲ್ಲಿ ಮಿನ್ನೆಸೋಟಾದಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರನ್ನು ಮೆಚ್ಚುವವರು ಮತ್ತೊಂದು ಬಗೆಯಲ್ಲಿ ತಪ್ಪುತ್ತಾರೆ. ಮೊದಲು ಆಟಗಾರರಾಗಿದ್ದರು, ಅದು ಮುಗಿದ ಮೇಲೆ ನ್ಯಾಯಮೂರ್ತಿಯಾದರು ಎಂದು ಒಂದೇ ಬದುಕನ್ನು ಎರಡು ತುಂಡು ಮಾಡುತ್ತಾರೆ. ನನಗೆ ಈ ಎರಡನೆಯ ತಪ್ಪೇ ಹೆಚ್ಚು ನೋವು ಕೊಡುತ್ತದೆ. ಏಕೆಂದರೆ ಪೇಜ್ ಅವರ ಬದುಕಿನ ಗಟ್ಟಿ ಭಾಗವಿರುವುದು ಆ ಎರಡು ತುಂಡುಗಳು ಕೂಡುವ ಜಾಗದಲ್ಲಿ, ಅವರಿನ್ನೂ ಮೈದಾನದಲ್ಲಿದ್ದ ವರ್ಷಗಳಲ್ಲಿ.

ಅಮೆರಿಕನ್ ಫುಟ್‌ಬಾಲ್ ಗೊತ್ತಿಲ್ಲದವರಿಗಾಗಿ ಎರಡು ಮಾತು. ಪೇಜ್ ಆಡುತ್ತಿದ್ದದ್ದು ಡಿಫೆನ್ಸಿವ್ ಟ್ಯಾಕಲ್ ಸ್ಥಾನದಲ್ಲಿ. ಎದುರಾಳಿಯ ದೈತ್ಯರು ಕಟ್ಟಿದ ಗೋಡೆಯ ನಟ್ಟನಡುವೆ ನುಗ್ಗಿ, ಹಿಂದೆ ಚೆಂಡು ಹಿಡಿದು ನಿಂತ ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕೆ ಕೆಡವುವುದು, ಇಲ್ಲವೇ ಚೆಂಡು ಹಿಡಿದು ಓಡುವವನನ್ನು ಅಲ್ಲೇ ತಡೆಯುವುದು ಅವರ ಕೆಲಸ. ಕಬಡ್ಡಿಯಲ್ಲಿ ರೇಡ್ ಮಾಡಿ ಅಂಕ ತಂದವನಿಗೆ ಬೀಳುವಷ್ಟು ಚಪ್ಪಾಳೆ ಅವನ ಕಾಲು ಹಿಡಿದು ನಿಲ್ಲಿಸಿದವನಿಗೆ ಬೀಳುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಪತ್ರಿಕೆಯ ಮುಖಪುಟ, ಜಾಹೀರಾತು, ಪ್ರಶಸ್ತಿ ಎಲ್ಲವೂ ಚೆಂಡು ಹಿಡಿದವನ ಪಾಲು. ಅಂಥ ಆಟದಲ್ಲಿ 1971ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಕೊಡುವ ‘ಅತ್ಯಂತ ಮೌಲ್ಯಯುತ ಆಟಗಾರ’ ಗೌರವ ಪೇಜ್ ಅವರಿಗೆ ಬಂತು. ರಕ್ಷಣಾ ಸಾಲಿನ ಆಟಗಾರನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆಮೇಲೆ 1986ರಲ್ಲಿ ಲಾರೆನ್ಸ್ ಟೇಲರ್ ಅವರಿಗೆ ಸಿಕ್ಕಿತು. ಇಂದಿಗೂ ಆ ಪಟ್ಟಿಯಲ್ಲಿರುವ ರಕ್ಷಣಾ ಆಟಗಾರರು ಇವರಿಬ್ಬರೇ.

ಪೇಜ್ ಹುಟ್ಟಿದ್ದು 1945ರಲ್ಲಿ, ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಉಕ್ಕಿನ ಊರಿನಲ್ಲಿ. ಅಲ್ಲಿನ ಕಪ್ಪು ಹುಡುಗರ ಪಾಲಿಗೆ ಕಾರ್ಖಾನೆಯ ಕುಲುಮೆಯ ಮುಂದಿನ ಕೆಲಸ ಹೆಚ್ಚುಕಡಿಮೆ ಮೊದಲೇ ಬರೆದಿಟ್ಟ ಹಣೆಬರಹ. ಅವರಿಗೆ ಅದು ಬೇಡವಾಗಿತ್ತು. ಇನ್ನೂ ಶಾಲೆಯಲ್ಲಿದ್ದಾಗಲೇ ವಕೀಲನಾಗಬೇಕೆಂಬ ಆಸೆ ಹುಟ್ಟಿತ್ತು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಾಗ ಅವರು ಒಂಬತ್ತು ತುಂಬದ ಹುಡುಗ. ಕಾನೂನಿಗೆ ಇಷ್ಟು ಬಲವಿದೆ ಎಂಬುದು ಆ ವಯಸ್ಸಿನಲ್ಲೇ ಅವರ ಮನಸ್ಸಿನಲ್ಲಿ ಬೇರೂರಿತು. ಹದಿಮೂರನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡರು. ಫುಟ್‌ಬಾಲ್ ಬಂದದ್ದು ಇದೆಲ್ಲದರ ಜೊತೆಗೆ, ಕಾಲೇಜಿನ ಬಾಗಿಲು ತೆರೆಯುವ ದಾರಿಯಾಗಿ. ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡ 1966ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದಾಗ ಅದರಲ್ಲಿದ್ದರು. ರಾಜ್ಯಶಾಸ್ತ್ರದಲ್ಲಿ ಪದವಿ ಪಡೆದ 1967ರಲ್ಲೇ ವೈಕಿಂಗ್ಸ್ ಅವರನ್ನು, ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ ಆಯ್ಕೆಯ ಮೊದಲ ಸುತ್ತಿನಲ್ಲಿ ಆರಿಸಿಕೊಂಡಿತು.

ಅಲ್ಲಿ ಕಾರ್ಲ್ ಎಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸನ್ ಜೊತೆಗೆ ಪೇಜ್ ಸೇರಿ ಆದ ನಾಲ್ವರ ಸಾಲು ಇಡೀ ಲೀಗಿನ ನಿದ್ದೆಗೆಡಿಸಿತು. 1969ರ ಋತುವಿನ 14 ಪಂದ್ಯಗಳಲ್ಲಿ ವೈಕಿಂಗ್ಸ್ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಒಟ್ಟು 133 ಅಂಕ, ಅಂದರೆ ಪಂದ್ಯಕ್ಕೆ ಹತ್ತೂ ಇಲ್ಲ. ಪೇಜ್ ಆ ಸಾಲಿನಲ್ಲಿ ಎಲ್ಲರಿಗಿಂತ ಭಾರದವರೇನೂ ಆಗಿರಲಿಲ್ಲ. ಅವರ ಬಲವೆಲ್ಲ ವೇಗದಲ್ಲಿತ್ತು. ಚೆಂಡು ಕದಲಿದ ಕ್ಷಣಕ್ಕೇ ಚಿಮ್ಮುತ್ತಿದ್ದರು. ಎದುರಿಗಿದ್ದ ಗಾರ್ಡ್ ನೆಲದಿಂದ ಕೈ ಎತ್ತುವಷ್ಟರಲ್ಲಿ ಅವನನ್ನು ದಾಟಿರುತ್ತಿದ್ದರು. ಹದಿನೈದು ವರ್ಷಗಳ ಆಟದಲ್ಲಿ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಸತತ 218 ಪಂದ್ಯ, ಲೀಗಿನ ಆಯ್ದ ಆಟಗಾರರಿಗಷ್ಟೇ ಕರೆ ಬರುವ ಪ್ರೊ ಬೌಲ್‌ಗೆ ಒಂಬತ್ತು ಸಲ ಆಯ್ಕೆ. ಆ ಆಟದ ಗುರುತು ಅವರ ಕಿರುಬೆರಳಿನ ಮೇಲೆ ಉಳಿದಿದೆ. ಮತ್ತೆ ಮತ್ತೆ ಕೀಲು ತಪ್ಪಿ ಅದು ಹೊರಕ್ಕೆ ನೇರ ಅಡ್ಡವಾಗಿ ತಿರುಗಿ ನಿಂತಿದೆ. ಅದನ್ನು ಕಂಡ ಮಕ್ಕಳೆಲ್ಲ ಕೇಳುವ ಪ್ರಶ್ನೆಗೆ ಉತ್ತರವಾಗಿ ಅವರು ಮಗಳ ಜೊತೆ ಸೇರಿ ಒಂದು ಮಕ್ಕಳ ಪುಸ್ತಕವನ್ನೇ ಬರೆದರು.

ಅವರು ಎಷ್ಟು ಸಲ ಕ್ವಾರ್ಟರ್‌ಬ್ಯಾಕ್‌ಗಳನ್ನು ಕೆಡವಿದರು ಎಂಬ ಅಂಕಿಯನ್ನು ಲೀಗಿನ ಅಧಿಕೃತ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಲೀಗು ‘ಸ್ಯಾಕ್’ ಎಣಿಸಲು ತೊಡಗಿದ್ದು 1982ರಲ್ಲಿ, ಪೇಜ್ ನಿವೃತ್ತರಾದದ್ದು ಅದರ ಹಿಂದಿನ ಋತುವಿನಲ್ಲಿ. ಹಳೆಯ ದಾಖಲೆಗಳನ್ನು ಜಾಲಾಡಿದವರು ಹೇಳುವುದು 148.5. ಚೆಂಡು ಎಸೆದವನ ಪ್ರತಿ ಗಜವನ್ನೂ ದಶಕಗಳಿಂದ ಬರೆದಿಟ್ಟುಕೊಂಡು ಬಂದ ಲೀಗಿಗೆ, ಅವನನ್ನು ಕೆಡವಿದವನ ಹೆಸರು ಅಷ್ಟು ಕಾಲ ಲೆಕ್ಕಕ್ಕೆ ಬರಲಿಲ್ಲ ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಯಾರ ದುಡಿಮೆಯನ್ನು ಎಣಿಸುತ್ತೇವೆ, ಯಾರದನ್ನು ಬಿಡುತ್ತೇವೆ ಎನ್ನುವುದರಲ್ಲೇ ಒಂದು ಅಧಿಕಾರವಿದೆ.

ಈಗ ನಾನು ಮುಖ್ಯವೆಂದು ನಂಬಿದ ವಿಷಯಕ್ಕೆ ಬರುತ್ತೇನೆ. ಪೇಜ್ ಹೇಳಿಕೊಂಡ ಒಂದು ಪ್ರಸಂಗವಿದೆ. ತಂಡದ ಸಭೆಯೊಂದರಲ್ಲಿ ರಕ್ಷಣಾ ಸಾಲಿನವರೆಲ್ಲ ಆಟದ ಯೋಜನೆಯ ಪುಸ್ತಕವನ್ನು ಸರದಿಯಂತೆ ಗಟ್ಟಿಯಾಗಿ ಓದಬೇಕಾಯಿತು. ಕೆಲವರಿಗೆ ಓದಲು ಬರಲಿಲ್ಲ. ಅವರೆಲ್ಲ ಪ್ರೌಢಶಾಲೆ ದಾಟಿ ಕಾಲೇಜು ತಂಡಗಳಲ್ಲಿ ಆಡಿ ಬಂದವರು. ಎಂದರೆ ಶಾಲೆಯಿಂದ ಕಾಲೇಜಿನವರೆಗೆ ಎಷ್ಟೋ ಮಂದಿ ಮೇಷ್ಟ್ರುಗಳು, ಎಷ್ಟೋ ಮಂದಿ ಕೋಚ್‌ಗಳು ಆ ಹುಡುಗರ ಭುಜದ ಅಗಲ ನೋಡಿ, ಅವರ ಮುಂದಿದ್ದ ಪುಸ್ತಕವನ್ನು ನೋಡದೆ, ಮುಂದಿನ ತರಗತಿಗೆ ದಾಟಿಸಿದ್ದರು. ಮೈದಾನದಲ್ಲಿ ಪಕ್ಕದಲ್ಲೇ ನಿಲ್ಲುವ ಗೆಳೆಯ ಒಂದು ಸಾಲು ಓದಲಾಗದೆ ತಡವರಿಸುವುದನ್ನು ಪೇಜ್ ಮರೆಯಲಿಲ್ಲ. ಇದು ಆ ಹುಡುಗರ ಸೋಮಾರಿತನ ಎಂದು ಅವರು ತೀರ್ಮಾನಿಸಲಿಲ್ಲ. ಇದಕ್ಕೆಲ್ಲ ಬಹಳ ಹಿಂದೆ, ಎಳೆಯ ತರಗತಿಗಳಲ್ಲೇ, ಯಾರೋ ಇವರ ಕೈ ಬಿಟ್ಟಿದ್ದಾರೆ ಎಂದುಕೊಂಡರು.

ಅದೇ ವರ್ಷಗಳಲ್ಲಿ ಅವರು ಆಟಗಾರರ ಸಂಘದಲ್ಲಿ ವೈಕಿಂಗ್ಸ್ ಪ್ರತಿನಿಧಿಯಾಗಿದ್ದರು, ಸಂಘದ ಕಾರ್ಯಕಾರಿ ಸಮಿತಿಯಲ್ಲೂ ಇದ್ದರು. ಲೀಗಿನ ಆಗಿನ ಮುಖ್ಯಸ್ಥ, ಕಮಿಷನರ್ ಪೀಟ್ ರೊಜೆಲ್ ಅವರ ಹೆಸರಿನ ಒಂದು ನಿಯಮವಿತ್ತು. ಒಪ್ಪಂದ ಮುಗಿದ ಆಟಗಾರ ಬೇರೆ ತಂಡ ಸೇರಿದರೆ, ಹೊಸ ತಂಡ ಹಳೆಯ ತಂಡಕ್ಕೆ ಆಟಗಾರರನ್ನೋ ಆಯ್ಕೆಯ ಹಕ್ಕನ್ನೋ ಪರಿಹಾರವಾಗಿ ಕೊಡಬೇಕು. ಎಷ್ಟೆಂದು ಹೇಳುವವರು ಕಮಿಷನರ್. ಆ ದಂಡಕ್ಕೆ ಹೆದರಿ ಯಾವ ತಂಡವೂ ಮುಂದೆ ಬರುತ್ತಿರಲಿಲ್ಲ. ಕಾಗದದ ಮೇಲೆ ಸ್ವತಂತ್ರನಾದವನು ನಿಜದಲ್ಲಿ ಕಟ್ಟುಬಿದ್ದವನೇ. 1974ರಲ್ಲಿ ಆಟಗಾರರು ಮುಷ್ಕರ ಹೂಡಿದರು, ಅದು ಸೋತಿತು. ಆದರೆ ಮಿನ್ನಿಯಾಪೊಲಿಸ್‌ನ ಫೆಡರಲ್ ನ್ಯಾಯಾಲಯದಲ್ಲಿ ಆಟಗಾರರು ಲೀಗಿನ ವಿರುದ್ಧ ಹೂಡಿದ ಮ್ಯಾಕಿ ಪ್ರಕರಣ ಆ ನಿಯಮದ ಬೆನ್ನು ಮುರಿಯಿತು. 1976ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದು ಕಾನೂನುಬಾಹಿರ ಎಂದಿತು. ಮುಷ್ಕರದಿಂದ ಆಗದ್ದು ಕೋರ್ಟಿನಲ್ಲಿ ಆದದ್ದನ್ನು ಪೇಜ್ ಒಳಗಿನಿಂದ ಕಂಡರು.

ನ್ಯಾಯಶಾಸ್ತ್ರವನ್ನು ಓದಲು ಆಟದ ಆರಂಭದ ವರ್ಷಗಳಲ್ಲೇ ಒಮ್ಮೆ ಸೇರಿ, ಮೂರು ವಾರವೂ ತುಂಬುವ ಮೊದಲೇ ಬಿಟ್ಟಿದ್ದರು. 1975ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದ ಕಾನೂನು ಕಾಲೇಜಿಗೆ ಮತ್ತೆ ಸೇರಿದರು. ತಂಡದ ಅಭ್ಯಾಸ, ಪಂದ್ಯಗಳು, ತರಗತಿ, ಪರೀಕ್ಷೆ ಎಲ್ಲವನ್ನೂ ಹೊತ್ತುಕೊಂಡು 1978ರಲ್ಲಿ ಪದವಿ ಪಡೆದರು. ಇದೇ ಹೊತ್ತಿನಲ್ಲಿ ಸಿಗರೇಟು ಬಿಡಲು ಹೊರಟ ಹೆಂಡತಿ ಡಯೇನ್ ಓಡಲು ತೊಡಗಿದಾಗ ಇವರೂ ಜೊತೆಗೂಡಿದರು. ಅದು ದೂರದ ಓಟದ ಹವ್ಯಾಸವಾಗಿ ಬೆಳೆದು ಸುಮಾರು 110 ಕಿಲೋ ಇದ್ದ ತೂಕ 100ರ ಆಸುಪಾಸಿಗೆ ಇಳಿಯಿತು. ಕೋಚ್ ಬಡ್ ಗ್ರಾಂಟ್ ಅವರಿಗೆ ಇದು ಸರಿಬರಲಿಲ್ಲ. ಅಷ್ಟು ಹಗುರವಾದವರು ಆ ಜಾಗದಲ್ಲಿ ನಿಲ್ಲಲಾರರೆಂಬುದು ಅವರ ಎಣಿಕೆ. 1978ರ ಋತುವಿನ ನಡುವೆಯೇ ವೈಕಿಂಗ್ಸ್ ಪೇಜ್ ಅವರನ್ನು ಕೈಬಿಟ್ಟಿತು. ಷಿಕಾಗೊ ಬೇರ್ಸ್ ತಂಡ ಅವರನ್ನು ಪಡೆದದ್ದು 100 ಡಾಲರ್ ಶುಲ್ಕ ಕಟ್ಟಿ.

ಗ್ರಾಂಟ್ ದೊಡ್ಡ ಕೋಚ್, ಅವರ ಬಗ್ಗೆ ನನಗೆ ಗೌರವವಿದೆ. ಆದರೂ ಈ ತೀರ್ಮಾನ ತಪ್ಪು ಎಂದು ಬರೆಯಲು ನನಗೆ ಹಿಂಜರಿಕೆಯಿಲ್ಲ. ಪೇಜ್ ಬೇರ್ಸ್ ಪರವಾಗಿ 1981ರವರೆಗೆ ಒಂದು ಪಂದ್ಯವನ್ನೂ ಬಿಡದೆ ಆಡಿದರು. 1979ರಲ್ಲಿ ಮ್ಯಾರಥಾನ್ ಪೂರೈಸಿದರು. ಲೀಗಿನಲ್ಲಿ ಆಡುತ್ತಿರುವಾಗಲೇ ಅದನ್ನು ಮಾಡಿದವರಲ್ಲಿ ಅವರೇ ಮೊದಲಿಗರು. 1981ರ ಡಿಸೆಂಬರಿನ ಕೊನೆಯ ಪಂದ್ಯದಲ್ಲಿ ಮೂರೂವರೆ ಸ್ಯಾಕ್ ಅವರ ಹೆಸರಿಗಿತ್ತು. ಆಗ ಅವರ ವಯಸ್ಸು 36. ಓದು ಮತ್ತು ಓಟ ಅವರ ಆಟವನ್ನು ತಿಂದವು ಎನ್ನುವವರು ಈ ಕೊನೆಯ ಪಂದ್ಯವನ್ನು ನೋಡಬೇಕು. ತಂಡ ಸಂಬಳ ಕೊಟ್ಟು ಕೊಂಡದ್ದು ಅವರ ಆಟವನ್ನು. ಅವರ ಸಂಜೆಗಳನ್ನು, ಪುಸ್ತಕಗಳನ್ನು, ಸ್ವಂತ ಮೈ ಎಷ್ಟು ತೂಗಬೇಕೆಂಬ ನಿರ್ಧಾರವನ್ನು ಮಾರಾಟಕ್ಕಿಡಲು ಪೇಜ್ ಒಪ್ಪಲಿಲ್ಲ. ನನ್ನ ಕಣ್ಣಿಗೆ ಅವರ ವೃತ್ತಿಜೀವನದ ಅತಿ ದೊಡ್ಡ ಆಟ ಇದೇ.

ಮುಂದಿನದು ಇದರ ಮುಂದುವರಿಕೆ. ಕೆಲವು ವರ್ಷ ವಕೀಲಿಕೆ, ಆಮೇಲೆ ರಾಜ್ಯದ ಅಟಾರ್ನಿ ಜನರಲ್ ಕಚೇರಿ. ಮಿನ್ನೆಸೋಟಾದಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳನ್ನು ಜನ ಚುನಾಯಿಸಬೇಕು ಎಂದು ರಾಜ್ಯದ ಸಂವಿಧಾನ ಹೇಳುತ್ತದೆ. ಆದರೆ ನಡೆದು ಬಂದ ಪದ್ಧತಿಯಲ್ಲಿ ಹೆಚ್ಚಿನವರು ಅವಧಿಯ ನಡುವೆ ನಿವೃತ್ತರಾಗುತ್ತಾರೆ, ಖಾಲಿಯಾದ ಕುರ್ಚಿಗೆ ರಾಜ್ಯಪಾಲರು ತಮ್ಮ ಆಯ್ಕೆಯವರನ್ನು ಕೂರಿಸುತ್ತಾರೆ. ಪೇಜ್ 1992ರಲ್ಲಿ ನೇರವಾಗಿ ಚುನಾವಣೆಗೆ ನಿಲ್ಲಲು ಹೊರಟಾಗ ರಾಜ್ಯಪಾಲ ಆರ್ನಿ ಕಾರ್ಲ್‌ಸನ್ ಆ ಸ್ಥಾನದಲ್ಲಿದ್ದ ನ್ಯಾಯಮೂರ್ತಿಯ ಅವಧಿಯನ್ನೇ ವಿಸ್ತರಿಸಿದರು. ಚುನಾವಣೆಯೇ ಇಲ್ಲವಾಯಿತು. ಪೇಜ್ ಸುಮ್ಮನಾಗದೆ ಮೊಕದ್ದಮೆ ಹೂಡಿದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ತಮ್ಮದೇ ಪೀಠದ ವಿಷಯವೆಂದು ಹಿಂದೆ ಸರಿದರು. ಬದಲಿಗೆ ಕುಳಿತ ವಿಶೇಷ ಪೀಠ ಚುನಾವಣೆ ನಡೆಯಲೇಬೇಕೆಂದು ತೀರ್ಪಿತ್ತಿತು. ಪೇಜ್ ಗೆದ್ದರು. ಆ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿಯಾಗಿ 1993ರ ಜನವರಿಯಲ್ಲಿ ಪ್ರಮಾಣ ಸ್ವೀಕರಿಸಿದರು.

ಹಿಂದೆ ರೊಜೆಲ್ ನಿಯಮ, ಈಗ ರಾಜ್ಯಪಾಲರ ಆದೇಶ. ಈ ನಿಯಮ ಮಾಡಿದವರು ಯಾರು, ಇದರಿಂದ ಬಾಗಿಲು ಮುಚ್ಚುವುದು ಯಾರಿಗೆ ಎಂಬ ಒಂದೇ ಪ್ರಶ್ನೆಯನ್ನು ಅವರು ಎರಡೂ ಕಡೆ ಕೇಳಿದರು. ನ್ಯಾಯಪೀಠದಲ್ಲಿ ಇಪ್ಪತ್ತೆರಡು ವರ್ಷಕ್ಕೂ ಹೆಚ್ಚು ಕಾಲ, ಕಡ್ಡಾಯ ನಿವೃತ್ತಿಯ 70 ತುಂಬಿದ 2015ರವರೆಗೆ ಇದ್ದರು. 2009ರಲ್ಲಿ ಕೋಲ್‌ಮನ್ ಮತ್ತು ಫ್ರ್ಯಾಂಕನ್ ಎಂಬ ಅಭ್ಯರ್ಥಿಗಳ ನಡುವಿನ ಅಮೆರಿಕದ ಸೆನೆಟ್ ಚುನಾವಣಾ ವ್ಯಾಜ್ಯ ಕೇವಲ 312 ಮತಗಳ ಅಂತರದ ಮೇಲೆ ನಿಂತಿದ್ದಾಗ, ಮುಖ್ಯ ನ್ಯಾಯಮೂರ್ತಿ ಹಿಂದೆ ಸರಿದಿದ್ದರಿಂದ ಆ ಪೀಠದ ಅಧ್ಯಕ್ಷತೆ ವಹಿಸಿದವರು ಪೇಜ್. ಐವರೂ ಒಮ್ಮತದಿಂದ ಕೊಟ್ಟ ತೀರ್ಪನ್ನು ಸೋತವರೂ ಅದೇ ದಿನ ಒಪ್ಪಿಕೊಂಡರು.

ಇಷ್ಟೆಲ್ಲದರ ನಡುವೆ 1988ರ ಕ್ಯಾಂಟನ್ ಇದೆ. ಈ ಆಟದ ಶ್ರೇಷ್ಠರನ್ನು ಗೌರವಿಸುವ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ಇರುವುದು ಅವರ ಹುಟ್ಟೂರಿನಲ್ಲೇ. ಅದನ್ನು ಕಟ್ಟುವಾಗ ಹದಿಹರೆಯದ ಪೇಜ್ ಆ ಕಾಮಗಾರಿಯಲ್ಲಿ ಕೂಲಿ ಕೆಲಸ ಮಾಡಿದ್ದರು. ಅದೇ ಕಟ್ಟಡದೊಳಗೆ ಅವರಿಗೆ ಸ್ಥಾನ ಸಿಕ್ಕ ದಿನ, ಸಭೆಗೆ ತಮ್ಮನ್ನು ಪರಿಚಯಿಸಲು ಕೋಚ್‌ನನ್ನಾಗಲಿ ಸಹ ಆಟಗಾರನನ್ನಾಗಲಿ ಕರೆಯಲಿಲ್ಲ. ಮಿನ್ನಿಯಾಪೊಲಿಸ್‌ನ ನಾರ್ತ್ ಪ್ರೌಢಶಾಲೆಯ ಪ್ರಾಂಶುಪಾಲೆ ವಿಲರೀನ್ ಬೀಸ್ಲಿ ಅವರನ್ನು ಕರೆದರು. ಭಾಷಣದಲ್ಲಿ ಫುಟ್‌ಬಾಲ್‌ಗಿಂತ ಹೆಚ್ಚಾಗಿ ಶಿಕ್ಷಣದ ಬಗ್ಗೆ ಮಾತನಾಡಿದರು. ಡಯೇನ್ ಅವರ ಜೊತೆ ಕಟ್ಟಿದ ಪೇಜ್ ಶಿಕ್ಷಣ ಪ್ರತಿಷ್ಠಾನ ಹುಟ್ಟಿದ್ದು ಆ ವರ್ಷವೇ. ಅದರ ವಿದ್ಯಾರ್ಥಿವೇತನ ಪಡೆದ ಕಾಲೇಜು ಹುಡುಗ ಹುಡುಗಿಯರು ತಮಗಿಂತ ಚಿಕ್ಕ ಮಕ್ಕಳಿಗೆ ಓದಿನಲ್ಲಿ ನೆರವಾಗಲೇಬೇಕು ಎಂಬುದು ನಿಬಂಧನೆ. ಓದಲು ಬಾರದ ಆ ಸಹ ಆಟಗಾರರಿಗೆ ಎಳವೆಯಲ್ಲಿ ಏನು ಸಿಗಲಿಲ್ಲವೋ ಅದನ್ನು ಇಲ್ಲಿ ಶರತ್ತಾಗಿ ಬರೆದಿಟ್ಟಿದ್ದಾರೆ.

2020ರ ಜನವರಿಯಲ್ಲಿ, 74ನೆಯ ವಯಸ್ಸಿನಲ್ಲಿ, ಅವರು ಇನ್ನೊಂದು ಹೆಜ್ಜೆ ಇಟ್ಟರು. ಕಾಶ್ಮೀರಿ ತಂದೆತಾಯಿಗಳ ಮಗ, ಮಿನ್ನಿಯಾಪೊಲಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷ ನೀಲ್ ಕಶ್ಕರಿ ಅವರ ಜೊತೆ ಸೇರಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ಸೂಚಿಸಿದರು. ಈಗಿರುವ ಮಾತು ಶಾಲೆಗಳ ‘ಸಾಮಾನ್ಯ ಮತ್ತು ಏಕರೂಪದ’ ವ್ಯವಸ್ಥೆಯನ್ನು ಕುರಿತದ್ದು, 1857ರದ್ದು. ಅದರ ಬದಲು, ಗುಣಮಟ್ಟದ ಸಾರ್ವಜನಿಕ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕು ಎಂದು ಬರೆಯಬೇಕೆನ್ನುವುದು ಅವರ ಸೂಚನೆ. ಬಿಳಿಯ ಮಕ್ಕಳ ಮತ್ತು ಕಪ್ಪು, ಮೂಲನಿವಾಸಿ ಮಕ್ಕಳ ಕಲಿಕೆಯ ನಡುವಿನ ಅಂತರ ಮಿನ್ನೆಸೋಟಾದಲ್ಲಿ ದೇಶದಲ್ಲೇ ಅತಿ ಕೆಟ್ಟ ರಾಜ್ಯಗಳ ಸಾಲಿಗೆ ಸೇರುವಷ್ಟಿದೆ.

ಇಲ್ಲಿ ನನಗೆ ನಮ್ಮ ರಾಜ್ಯ ನೆನಪಾಗುವುದು ಸಹಜ. ಪೇಜ್ ಚುನಾವಣೆ ಗೆದ್ದ 1992ರಲ್ಲೇ ಭಾರತದ ಸುಪ್ರೀಂ ಕೋರ್ಟ್ ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಶಿಕ್ಷಣದ ಹಕ್ಕು ಬದುಕುವ ಹಕ್ಕಿನೊಳಗೇ ಅಡಗಿದೆ ಎಂದಿತು. ನಮ್ಮಲ್ಲಿನ ಖಾಸಗಿ ವೈದ್ಯಕೀಯ ಕಾಲೇಜಿನ ಕ್ಯಾಪಿಟೇಷನ್ ಶುಲ್ಕದಿಂದ ಹುಟ್ಟಿದ ವ್ಯಾಜ್ಯ ಅದು. ಮರುವರ್ಷವೇ ಇನ್ನೊಂದು ಪೀಠ ಅದನ್ನು ಹದಿನಾಲ್ಕು ವಯಸ್ಸಿನವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು. 2002ರಲ್ಲಿ ಅದು ಆರರಿಂದ ಹದಿನಾಲ್ಕರವರೆಗಿನ ಮಕ್ಕಳ ಹಕ್ಕಾಗಿ 21ಎ ವಿಧಿಯ ರೂಪದಲ್ಲಿ ಸಂವಿಧಾನ ಸೇರಿತು. ಹಕ್ಕು ಬರೆದಿಟ್ಟ ಮಾತ್ರಕ್ಕೆ ಸರ್ಕಾರಿ ಶಾಲೆಗೆ ಮೇಷ್ಟ್ರು ಬರುವುದಿಲ್ಲ ಎಂಬುದನ್ನು ಕರ್ನಾಟಕದಿಂದ ಬಂದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬರೆದಿದ್ದರೆ ತಂದೆಯೋ ತಾಯಿಯೋ ಅದನ್ನು ಹಿಡಿದುಕೊಂಡು ಕೋರ್ಟಿನ ಮೆಟ್ಟಿಲು ಹತ್ತಬಹುದು.

ಇಲ್ಲಿನ ಶಿಕ್ಷಕರ ಸಂಘ ಈ ತಿದ್ದುಪಡಿಯನ್ನು ವಿರೋಧಿಸುತ್ತದೆ. ಸಾರ್ವಜನಿಕ ಹಣ ಖಾಸಗಿ ಶಾಲೆಗಳ ಕಡೆ ಹರಿಯಲು ಇದು ದಾರಿಯಾದೀತು ಎಂಬ ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ತಕ್ಕ ಮಾತುಗಳನ್ನು ತಿದ್ದುಪಡಿಯಲ್ಲೇ ಸೇರಿಸಲಿ, ಚರ್ಚೆ ನಡೆಯಲಿ. ಆದರೆ ಶಾಸನಸಭೆ ಇದನ್ನು ಜನರ ಮತಕ್ಕೆ ಹಾಕದೆ ಬದಿಗಿಡುವುದನ್ನು ನಾನು ಒಪ್ಪಲಾರೆ. ಮಿನ್ನೆಸೋಟಾದಲ್ಲಿ ಮತದಾನದ ಹಕ್ಕಿರುವ ಕನ್ನಡಿಗ ಗೆಳೆಯರೇ, ನಿಮ್ಮ ಕ್ಷೇತ್ರದ ಪ್ರತಿನಿಧಿಗೂ ಸೆನೆಟರಿಗೂ ಈ ತಿದ್ದುಪಡಿಯ ಬಗ್ಗೆ ಅವರ ನಿಲುವೇನೆಂದು ಕೇಳಿ ಒಂದು ಪತ್ರ ಬರೆಯಿರಿ. ನಾನು ನನ್ನದನ್ನು ಕಳಿಸಿದ್ದೇನೆ.