ಏಳು ಎಂಎಂ

ನಮ್ಮ ಮನೆ ಧಾರವಾಡದಲ್ಲಿ, ನೌಕರಿ ಹುಬ್ಬಳ್ಳಿಯಲ್ಲಿ. ನಡುವೆ 20 ಕಿಲೋಮೀಟರು. ಧಾರವಾಡ ಎತ್ತರದಲ್ಲಿದೆ, ಹುಬ್ಬಳ್ಳಿ ತಗ್ಗಿನಲ್ಲಿದೆ. ಹಾಗಾಗಿ ಬೆಳಿಗ್ಗೆ ಹೋಗುವಾಗ ಬ್ರೇಕ್ ಸವೆಯುತ್ತದೆ, ಸಂಜೆ ಬರುವಾಗ ಪೆಟ್ರೋಲ್ ಸುಡುತ್ತದೆ. ಚಿಗರಿ ಬಸ್ಸಿಗೆ ನಡುರಸ್ತೆಯಲ್ಲಿ ತನ್ನದೇ ಹಾದಿ ಇದೆ, ಹೆಸರಿಗೆ ತಕ್ಕಂತೆ ಜಿಂಕೆಯ ಹಾಗೆ ಓಡುತ್ತದೆ. ಕಾರಿನವರು ನಾವು ಪಕ್ಕದಲ್ಲಿ ಒಬ್ಬರ ಹಿಂದೆ ಒಬ್ಬರು. ಉಣಕಲ್ ಕೆರೆ ದಾಟುವಷ್ಟರಲ್ಲಿ ಬಲಗಾಲು ಹೊಲಿಗೆ ಮಷಿನ್ ತುಳಿದವರ ಕಾಲಿನ ಹಾಗಾಗಿರುತ್ತದೆ.

ನಾಲ್ಕು ವರ್ಷದ ಹಿಂದಿನ ಆಷಾಢ. ಧಾರವಾಡದ ಜಿಟಿಜಿಟಿ ಮಳೆ ನಿಮಗೆ ಗೊತ್ತಲ್ಲ, ಬಂತು ಅನ್ನುವ ಹಾಗೂ ಇಲ್ಲ, ನಿಂತಿತು ಅನ್ನುವ ಹಾಗೂ ಇಲ್ಲ. ಮೂರು ದಿನ ಹೊರಗೆ ನಿಂತಿದ್ದ ಕಾರನ್ನು ತೆಗೆದೆ. ಬ್ರೇಕ್ ಒತ್ತಿದರೆ ಖರ್ರ್ ಅಂತು. ನಾಲ್ಕು ಸಲ ಒತ್ತಿದ ಮೇಲೆ ಸುಮ್ಮನಾಯಿತು. ಗಾಲಿಯ ಜೊತೆ ತಿರುಗುವ ಕಬ್ಬಿಣದ ತಟ್ಟೆ, ಅಂದರೆ ಡಿಸ್ಕ್, ಅದರ ಮೇಲೆ ಮಳೆಗೆ ತೆಳ್ಳಗೆ ತುಕ್ಕು ಹಿಡಿದಿರುತ್ತದೆ, ಬ್ರೇಕ್ ಒತ್ತಿದರೆ ಉಜ್ಜಿಕೊಂಡು ಹೋಗುತ್ತದೆ, ಅಷ್ಟೇ. ಇದು ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಸೀದಾ ಗ್ಯಾರೇಜಿಗೆ ಹೋದೆ.

ದೊಡ್ಡ ಗ್ಯಾರೇಜು. ಕೂರಲು ಸೋಫಾ, ಎಸಿ, ಪುಕ್ಕಟೆ ಕಾಫಿ. ಪುಕ್ಕಟೆ ಕಾಫಿ ಕೊಡುವ ಕಡೆ ಪಾಕೀಟು ಹುಷಾರಾಗಿ ಹಿಡಿದುಕೊಳ್ಳಬೇಕು ಅನ್ನುವುದೂ ನನಗೆ ಆಮೇಲೆ ಹೊಳೆದದ್ದೇ. ಟೈ ಕಟ್ಟಿದ ಹುಡುಗ ಬಂದ.

"ಸರ್, ಮುಂದಿನ ಪ್ಯಾಡ್ ಹೋಗ್ಯಾವ್ರಿ. ಡಿಸ್ಕ್ ಸ್ಕಿಮ್ಮಿಂಗ್ ಮಾಡಸ್ಬೇಕ್ರಿ. ಬ್ರೇಕ್ ಆಯಿಲ್ ಸೈತ ಬದ್ಲಿ ಮಾಡಿದ್ರ ಚಲೋರಿ."

ಪ್ಯಾಡ್ ಅಂದರೆ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಬಿಲ್ಲೆ. ಸ್ಕಿಮ್ಮಿಂಗ್ ಅಂದರೆ ಡಿಸ್ಕಿನ ಮೈ ಹೆರೆದು ಸಪಾಟು ಮಾಡುವುದು.

"22 ಸಾವಿರ ಕಿಲೋಮೀಟರಿಗೇ ಪ್ಯಾಡ್ ಹೋದ್ವೇನು?"

"ಸೇಫ್ಟಿ ವಿಷಯ ನೋಡ್ರಿ ಸರ್. ಮನ್ಯಾಗ ಸಣ್ಣ ಮಕ್ಕಳು ಇರ್ತಾವ."

ಮುಗಿಯಿತು. ಈ ಮಾತಿನ ಮುಂದೆ ಯಾವ ಗಂಡಸಿನ ವಾದವೂ ನಿಲ್ಲುವುದಿಲ್ಲ. ದುರ್ಗದಬೈಲಿನಲ್ಲಿ 200 ರೂಪಾಯಿಯ ಚಾದರಕ್ಕೆ ಅರ್ಧ ತಾಸು ಚೌಕಾಸಿ ಮಾಡುವ ಮನುಷ್ಯ ನಾನು. ಟೈ ನೋಡಿದ ಕೂಡಲೇ ಬಾಯಿ ಕಟ್ಟಿತು. ಆದರೂ ಪೂರ್ತಿ ಸೋಲಬಾರದಲ್ಲ? ಮರ್ಯಾದೆಗೆ ಒಂದನ್ನಾದರೂ ಬೇಡ ಅನ್ನಬೇಕು. "ಆಯಿಲ್ ಮಾತ್ರ ಬ್ಯಾಡ" ಅಂದೆ, ಗಟ್ಟಿಯಾಗಿ.

ಬಿಲ್ 4,600 ರೂಪಾಯಿ. ಹಳೆಯ ಪ್ಯಾಡ್ ಕೊಡಿ ಅಂತ ಕೇಳಿ ಇಸಿದುಕೊಂಡೆ. ಇದರಲ್ಲಿ ಜಾಣತನ ಏನೂ ಇರಲಿಲ್ಲ. ದುಡ್ಡು ಕೊಟ್ಟ ಕಡೆಯಿಂದ ಬರಿಗೈಯಲ್ಲಿ ಬರಬಾರದು ಅನ್ನುವುದು ನಮ್ಮಪ್ಪನ ಕಾಲದಿಂದ ಬಂದ ಚಟ.

ಮನೆಯಲ್ಲಿ ಮಗಳು ಕಂಪಾಸ್ ಬಾಕ್ಸಿನಿಂದ ಸ್ಕೇಲ್ ತೆಗೆದು ಪ್ಯಾಡ್ ಅಳೆದಳು. ಕಬ್ಬಿಣದ ತಗಡು ಬಿಟ್ಟು, ಸವೆಯುವ ಭಾಗ ಮಾತ್ರ. "ಪಪ್ಪಾ, ಏಳು ಎಂಎಂ." ಹೊಸದಿದ್ದಾಗ ಎಷ್ಟಿರುತ್ತದೆ ಅಂತ ಆವತ್ತು ರಾತ್ರಿ ಓದಿದೆ. ಹತ್ತು–ಹನ್ನೊಂದು ಎಂಎಂ. ಮೂರಕ್ಕೆ ಬಂದಾಗ ಬದಲಿಸಿದರೆ ಸಾಕು. ಮಗಳಿಗೆ ಇದೊಂದು ತ್ರೈರಾಶಿ ಲೆಕ್ಕ: ಹನ್ನೊಂದು ಅಂತ ಹಿಡಿದರೆ 22 ಸಾವಿರಕ್ಕೆ ನಾಲ್ಕು ಎಂಎಂ ಹೋಗಿದೆ, ಇನ್ನೂ ನಾಲ್ಕು ಇದೆ. "ಅಂದ್ರ ಇನ್ನ 22 ಸಾವಿರ ಓಡ್ತಿತ್ತು ಪಪ್ಪಾ. ಅರ್ಧ ಪೆನ್ಸಿಲ್ ಒಗದು ಹೊಸಾದು ತಗೊಂಡ್ರ ನನಗ ಬೈತೀ."

ಇನ್ನೊಂದು ಅವಮಾನವೂ ಅದೇ ರಾತ್ರಿ ಗೊತ್ತಾಯಿತು. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನಮ್ಮ ಕಾರಿಗೆ ಸರಿಯಾಗಿ ಎರಡು ವರ್ಷ. ಹುಡುಗ ಹೇಳಿದ ಮೂರರಲ್ಲಿ ಖರೆ ಇದ್ದದ್ದು ಅದೊಂದೇ.

ಆಮೇಲೆ ಸಿಕ್ಕಸಿಕ್ಕವರನ್ನು ಕೇಳತೊಡಗಿದೆ, ಪ್ಯಾಡ್ ಎಷ್ಟು ಬಾಳಿಕೆ ಬರ್ತಾವ ಅಂತ. ಆಫೀಸಿನವರೊಬ್ಬರು 30 ಸಾವಿರ ಅಂದರು. ಗದಗದಲ್ಲಿರುವ ನಮ್ಮ ಅಕ್ಕನ ಗಂಡ 70 ಸಾವಿರ ಅಂದು ಮೀಸೆ ತಿರುವಿದರು. ಅವರು ಓಡಾಡುವುದು ಮುಂಡರಗಿ ರಸ್ತೆಯಲ್ಲಿ. ಎರಡೂ ಕಡೆ ಎರೆಹೊಲ, ನೆಟ್ಟಗಿನ ಹಾದಿ, ಅಡ್ಡ ಬಂದರೆ ಒಂದು ಎಮ್ಮೆ. ಹಂಪ್ ದೂರದಲ್ಲಿ ಕಂಡ ಕೂಡಲೇ ಮಾಮಾ ಎಕ್ಸಲೇಟರಿನಿಂದ ಕಾಲು ತೆಗೆದುಬಿಡುತ್ತಾರೆ. ನನಗೆ ಹಂಪ್ ಕಾಣುವುದು ಅದರ ಮೇಲೆ ಹತ್ತಿದ ಮೇಲೆ.

ಈಗ ಕಥೆಯ ಎರಡನೇ ಭಾಗ. ಮೀಟರ್ 58 ಸಾವಿರ ತೋರಿಸುತ್ತಿತ್ತು. ರಸ್ತೆ ಕೆಲಸ ನಡೆದ ಕಡೆಯಿಂದ ಬಂದ ಮೇಲೆ ಕಿರ್ರ್ ಅಂತ ಒಂದೇ ಸಮನೆ ಸಪ್ಪಳ, ಬ್ರೇಕ್ ಒತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಈ ಸಲ ಎಸಿ ಇಲ್ಲದ ಗ್ಯಾರೇಜು ಹುಡುಕಿದೆ. ಬೇವಿನ ಮರದ ಕೆಳಗೆ ಒಬ್ಬ ಮಿಸ್ತ್ರಿ. ಜಾಕ್ ಹಾಕಿ ಗಾಲಿ ಬಿಚ್ಚಿದ. ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಬೆರಳು ಹಾಕಿ ಕಡಲೆಕಾಳಿನಷ್ಟು ಒಂದು ಕಲ್ಲು ತೆಗೆದ. ಧಾರವಾಡದಲ್ಲಿ ಕಲ್ಲು ಒಗೆದರೆ ಅದು ಕವಿಗಳ ಮನೆ ಮೇಲೆ ಬೀಳುತ್ತದೆ ಅಂತಾರೆ. ನನ್ನ ಪಾಲಿನದು ಇಲ್ಲಿ ಬಿದ್ದಿತ್ತು.

"100 ರೂಪಾಯಿ ಕೊಡ್ರಿ," ಅಂದ. ಗಾಲಿ ಹಾಕುವ ಮೊದಲು ಇನ್ನೊಂದು ಮಾತು ಹೇಳಿದ. "ಪ್ಯಾಡ್ ನಾಲ್ಕೈದು ಎಂಎಂ ಅದಾವ್ರಿ, ನಡೀತೈತಿ. ಆದ್ರ ಪ್ಯಾಡ್ ಒತ್ತೂ ಕ್ಯಾಲಿಪರ್ ಐತಲ್ರಿ, ಅದು ಸರಿದಾಡೂ ಪಿನ್ ಬಿಗಿಯಾಗೇತ್ರಿ. ಬಿಚ್ಚಿ ಗ್ರೀಸ್ ಹಚ್ಚಲೇನ್ರಿ? ತಾಸಿನ ಕೆಲಸ. 500 ಆಗತೈತಿ."

ಓಹೋ, ಇವನೂ ಶುರು ಮಾಡಿದ ಅಂದುಕೊಂಡೆ. ಏಳು ಎಂಎಂ ಕಥೆ ಮನಸ್ಸಿನಲ್ಲಿ ಹಸಿಯಾಗಿತ್ತು. ಪಾಪ, ಅವನು ಸೇಫ್ಟಿ ಅನ್ನಲಿಲ್ಲ, ಮಕ್ಕಳ ಹೆಸರು ತೆಗೆಯಲಿಲ್ಲ. ಅಂದ ಮೇಲೆ ಅಷ್ಟೇನು ಮಹತ್ವದ್ದಲ್ಲ, ಅಲ್ವಾ? "ಮುಂದ್ ನೋಡೂಣು" ಅಂದು ಹೊರಟೆ. 500 ಉಳಿಸಿದ ಖುಷಿಗೆ ದಾರಿಯಲ್ಲಿ ಮಿರ್ಚಿ ಭಜಿ ತಿಂದೆ.

ಕೆಲವು ತಿಂಗಳ ಮೇಲೆ ಕೀಂ ಅಂತ ಸಣ್ಣ ದನಿ ಶುರುವಾಯಿತು. ನಾನು ಈಗ ತಜ್ಞ. ಗಾಲಿಯ ಸಂದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಪ್ಯಾಡ್ ದಪ್ಪಗೇ ಕಂಡಿತು. "ಏನೂ ಆಗಿಲ್ಲ, ಮತ್ತ ಕಲ್ಲು ಸಿಕ್ಕೊಂಡೈತಿ, ತಾನ ಬೀಳತೈತಿ," ಅಂತ ಹೆಂಡತಿಗೆ ಹೇಳಿದೆ.

"ಏನ್ರೀ, ಕಲ್ಲಾಗಿದ್ರ ಬ್ರೇಕ್ ಒತ್ತಿದಾಗಷ್ಟ ಯಾಕ್ ಒದರ್ತೈತಿ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಡಿನ ಸೌಂಡ್ ಏರಿಸಿದೆ. ಪ್ಯಾಡ್ ಮುಗಿಯಲು ಬಂದಾಗ ಒದರಲಿ ಅಂತಲೇ ಅದಕ್ಕೊಂದು ತಗಡಿನ ನಾಲಿಗೆ ಇಟ್ಟಿರುತ್ತಾರಂತೆ. ಅದು ಡಿಸ್ಕಿಗೆ ತಾಗಿ ಚೀರುತ್ತದೆ. ಅಷ್ಟು ಕಷ್ಟಪಟ್ಟು ಚೀರಿದ್ದನ್ನು ನಾನು ಎರಡು ತಿಂಗಳು ಹಾಡು ಹಚ್ಚಿ ಮುಚ್ಚಿದೆ.

ಒಂದು ಬೆಳಿಗ್ಗೆ ನವಲೂರ ಹತ್ತಿರ ಬ್ರೇಕ್ ಒತ್ತಿದೆ. ಗರಗರ. ಅವ್ವ ಬೀಸುಕಲ್ಲಿಗೆ ಜೋಳ ಹಾಕಿ ತಿರುವಿದ ಹಾಗೆ. ಪೆಡಲ್ಲಿನಿಂದ ಪಾದಕ್ಕೆ, ಪಾದದಿಂದ ಹಲ್ಲಿಗೆ ನಡುಕ ಬಂತು. ನಿಧಾನಕ್ಕೆ ಬೇವಿನ ಮರದ ಕೆಳಗೆ ಹೋಗಿ ನಿಲ್ಲಿಸಿದೆ.

ಮಿಸ್ತ್ರಿ ಬಿಚ್ಚಿದ. ಒಂದೂ ಮಾತಾಡಲಿಲ್ಲ. ಒಂದೇ ಗಾಲಿಯ ಎರಡು ಪ್ಯಾಡ್ ನನ್ನ ಅಂಗೈ ಮೇಲೆ ಇಟ್ಟ. ಹೊರಗಿನದು ದಪ್ಪಗಿತ್ತು, ನಾನು ಟಾರ್ಚ್ ಬಿಟ್ಟು ನೋಡಿದ್ದು ಅದೇ. ಒಳಗಿನದು ಬರೀ ಕಬ್ಬಿಣದ ತಗಡು. ಪಿನ್ ಬಿಗಿಯಾಗಿ ಕ್ಯಾಲಿಪರ್ ಸರಿಯದೆ, ಒತ್ತುವ ಭಾರವೆಲ್ಲ ಒಳಗಿನದರ ಮೇಲೇ ಬಿದ್ದಿತ್ತು. ಡಿಸ್ಕ್ ಮೇಲೆ ಬಿತ್ತಿದ ಹೊಲದ ಹಾಗೆ ಸಾಲು.

"ಸ್ಕಿಮ್ಮಿಂಗ್ ಮಾಡಿದ್ರ ಆಗೂದಿಲ್ಲೇನು?" ಅಂದೆ. ಹಳೆಯ ಗ್ಯಾರೇಜಿನಲ್ಲಿ ಕಲಿತ ಶಬ್ದ.

"ಆಗೂದಿಲ್ರಿ. ಎಷ್ಟ ದಪ್ಪ ಉಳೀಬೇಕಂತ ಡಿಸ್ಕಿನ ಮ್ಯಾಲೇ ಹೊಡದಿರ್ತಾರ, ನೋಡ್ರಿಲ್ಲೆ. ಅದಕ್ಕಿಂತ ತೆಳ್ಳಗಾದ್ರ ಒಗೀಬೇಕ."

ಅಂಚಿನಲ್ಲಿ ಸಣ್ಣ ಅಕ್ಷರ ಖರೇನೇ ಇತ್ತು. ಒಂದು ಕಡೆಯದನ್ನಷ್ಟೇ ಬದಲಿಸಿದರೆ ಬ್ರೇಕ್ ಒಂದು ಬದಿಗೆ ಎಳೆಯುತ್ತದೆ, ಹಾಗಾಗಿ ಡಿಸ್ಕ್ ಎರಡು, ಪ್ಯಾಡ್ ನಾಲ್ಕು, ಜೊತೆಗೆ ಆ ಗ್ರೀಸು. 7,800 ರೂಪಾಯಿ. ಎಣಿಸಿ ಕೊಡುತ್ತ ಕೇಳಿದೆ, "ಇವು ಎಷ್ಟ್ ದಿವಸ ಬರ್ತಾವ?"

"ಕಾಲ್ ನಿಮ್ದ ಐತಲ್ರಿ, ನನಗೇನ್ ಕೇಳ್ತೀರಿ," ಅಂದ. ಕೈ ಒರೆಸಿಕೊಳ್ಳುತ್ತ ಬಾನೆಟ್ಟಿನೊಳಗೆ ಬಗ್ಗಿ ನೋಡಿದ. "ಸರ, ಬ್ರೇಕ್ ಆಯಿಲ್ ಯಾವಾಗ ಬದ್ಲಿ ಮಾಡೀರಿ?"

ನನಗೆ ಜೋರು ಕೆಮ್ಮು ಬಂತು.

ಏಳು ಎಂಎಂ ಇದ್ದ ಆ ಹಳೆಯ ಪ್ಯಾಡುಗಳು ಇನ್ನೂ ನಮ್ಮ ಮನೆಯಲ್ಲಿವೆ. ಆಷಾಢದ ಗಾಳಿಗೆ ನಮ್ಮ ಹಿತ್ತಲ ಬಾಗಿಲು ಧಡ್ ಧಡ್ ಹೊಡೆದುಕೊಳ್ಳುತ್ತದೆ. ಅವನ್ನು ಕೆಳಗೆ ಒತ್ತರಿಸಿ ಇಟ್ಟರೆ ಗಪ್ಪಾಗುತ್ತದೆ. ಮೊನ್ನೆ ತಂದ, ಪೂರ್ತಿ ಸವೆದ ತಗಡನ್ನೂ ಹೆಂಡತಿ ಮುಂಬಾಗಿಲಿಗೆ ಇಟ್ಟು ನೋಡಿದಳು. ನಿಲ್ಲಲಿಲ್ಲ.