ಮಗು ಹೋದ ಮನೆಯಲ್ಲಿ ಉಳಿದವರಿಗೆ ಇಸಿಜಿ ಮಾಡಿಸಿ

ನಮ್ಮ ಕಡೆ ಮಗು ಹಠಾತ್ತಾಗಿ ಹೋದಾಗ ಮನೆಯ ಹಿರಿಯರ ಬಾಯಲ್ಲಿ ಮೊದಲು ಬರುವ ಮಾತು, "ಕೊಯ್ಯೋದೆಲ್ಲ ಬೇಡ." ಎಳೇ ಜೀವ, ಹೋದ ಮೇಲೂ ಯಾಕೆ ಹಿಂಸೆ ಕೊಡ್ತೀರಿ ಅಂತ. ಆ ಮಾತಿನಲ್ಲಿ ಕೆಟ್ಟದ್ದೇನೂ ಇಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ನನ್ನ ಮಗಳು ಹೋದ ದಿನವೂ ಹಾಗೇ ಆಯಿತು. ಶಾಲೆಯ ಮೈದಾನದಲ್ಲಿ ಖೋಖೋ ಆಡುತ್ತಾ ಬಿದ್ದಳು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಉಸಿರು ಇರಲಿಲ್ಲ. ಹಾಳೆಯ ಮೇಲೆ 'ಹೃದಯ ಸ್ತಂಭನ' ಅಂತ ಬರೆದುಕೊಟ್ಟರು. ಕತ್ತಲಾಗುವ ಮೊದಲು ಮಣ್ಣು ಮಾಡಿ ಬಂದರು. ಅವಳಿಗೆ 11 ವರ್ಷ.

ಯಾರ ಸಾವಿನಲ್ಲೂ ಕೊನೆಗೆ ನಿಲ್ಲುವುದು ಹೃದಯವೇ. ಆಡುವ ಮಗುವಿನ ಹೃದಯ ಯಾಕೆ ನಿಂತಿತು ಅಂತ ಆ ಹಾಳೆ ಹೇಳುವುದಿಲ್ಲ. ಹೇಳದೆ ಇದ್ದರೆ ಏನು ನಷ್ಟ, ಹೋದವಳು ಬರುತ್ತಾಳಾ ಅಂತ ಬಹಳ ಜನ ಕೇಳಿದರು. ನಷ್ಟ ಇದೆ. ಅವಳಿಗೊಬ್ಬ ತಮ್ಮ ಇದ್ದಾನೆ.

ತಿಥಿ ಮುಗಿದ ಮೇಲೆ ನಮ್ಮ ನಾದಿನಿಯ ಮಗಳು ಅಡುಗೆಮನೆಗೆ ಬಂದು ಪಕ್ಕದಲ್ಲಿ ಕೂತಳು. ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿದ್ದಳು. "ಅತ್ತೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ತವರಿನಲ್ಲಿ ಚಿಕ್ಕ ವಯಸ್ಸಿಗೇ ಹೀಗೆ ಹೋದವರು ಯಾರಾದ್ರೂ ಇದ್ದಾರಾ? ಓಡುವಾಗ, ಈಜುವಾಗ?" ಅಂದಳು.

ಇದ್ದರು. ನಮ್ಮ ಚಿಕ್ಕಪ್ಪ. ನಾನು ಹುಟ್ಟುವ ಮೊದಲೇ ಊರ ಕೆರೆಯಲ್ಲಿ ಮುಳುಗಿ ಹೋದವರು. ಈ ದಡದಿಂದ ಆ ದಡಕ್ಕೆ ಈಜಿ ಬರುತ್ತಿದ್ದ ಹುಡುಗ ಹೇಗೆ ಮುಳುಗಿದ ಅಂತ ಊರಿಗೆಲ್ಲ ಆಶ್ಚರ್ಯ. ಕೆರೆ ಆಹುತಿ ತಗೊಂತು ಅಂದರು. ನಮ್ಮಜ್ಜಿ ಸಾಯುವವರೆಗೂ ಆ ಏರಿಯ ಮೇಲೆ ಕಾಲಿಡಲಿಲ್ಲ.

ನಾದಿನಿಯ ಮಗಳು ತಡ ಮಾಡಲಿಲ್ಲ. ಮರುದಿನವೇ ಮಗನನ್ನೂ ನನ್ನನ್ನೂ ಕರೆದುಕೊಂಡು ಹೋಗಿ ಇಸಿಜಿ, ಅಂದರೆ ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಪರೀಕ್ಷೆ, ಮಾಡಿಸಿದಳು. ಅಲ್ಲಿಂದ ಮಕ್ಕಳ ಹೃದಯದ ಡಾಕ್ಟರ ಹತ್ತಿರ ಹೋದೆವು. ಅವರು ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿದರು. ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ ಇರುತ್ತದಲ್ಲ, ಎರಡು ಮೊನೆಯ ಡಿವೈಡರ್, ಅಂಥದ್ದೇ ಒಂದನ್ನು ತೆಗೆದು ಗೆರೆಯ ಮೇಲಿಟ್ಟು ಸಣ್ಣ ಚೌಕಗಳನ್ನು ಎಣಿಸಿದರು. ಒಂದು ಸಣ್ಣ ಚೌಕ ಅಂದರೆ 40 ಮಿಲಿಸೆಕೆಂಡ್. ಕ್ಯೂ ಅನ್ನುವ ಜಾಗದಿಂದ ಟಿ ಅಲೆ ಮುಗಿಯುವವರೆಗೆ ಎಷ್ಟು ಹೊತ್ತು ಅಂತ ಅಳೆದು, ನಾಡಿ ಬಡಿತಕ್ಕೆ ತಕ್ಕ ಹಾಗೆ ಲೆಕ್ಕ ಸರಿಮಾಡಿದರು. ಅದು 480 ಮಿಲಿಸೆಕೆಂಡ್ ದಾಟಿದರೆ ಡಾಕ್ಟರುಗಳು ಎಚ್ಚರಗೊಳ್ಳುತ್ತಾರೆ. ನನ್ನ ಮಗನದ್ದು ದಾಟಿತ್ತು. ಮೆಷಿನ್ನು ಹಾಳೆಯ ತಲೆಯ ಮೇಲೆ 'ನಾರ್ಮಲ್' ಅಂತಲೇ ಛಾಪಿಸಿತ್ತು. ಮೆಷಿನ್ನಿನ ಲೆಕ್ಕವನ್ನು ನಂಬಬಾರದು, ಕೈಯಲ್ಲಿ ಅಳೆಯಬೇಕು ಅಂತ ಅವರು ಹೇಳಿದ್ದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಇದಕ್ಕೆ ಲಾಂಗ್ ಕ್ಯೂಟಿ ಸಿಂಡ್ರೋಮ್ ಅನ್ನುತ್ತಾರೆ. ಹೃದಯ ಪ್ರತಿ ಸಲ ಬಡಿದ ಮೇಲೆ ಮುಂದಿನ ಬಡಿತಕ್ಕೆ ವಿದ್ಯುತ್ತನ್ನು ಮತ್ತೆ ಕೂಡಿಸಿಕೊಳ್ಳಬೇಕು. ಈ ಮಕ್ಕಳಲ್ಲಿ ಆ ಕೆಲಸ ನಿಧಾನ. ಸುಮ್ನೆ ಕೂತಾಗ ಏನೂ ಗೊತ್ತಾಗುವುದಿಲ್ಲ. ಓಡುವಾಗ, ಈಜುವಾಗ, ಹೆದರಿದಾಗ ಬಡಿತ ಏರುತ್ತದೆ. ಆಗ ಒಂದು ಬಡಿತ ಹೊತ್ತಲ್ಲದ ಹೊತ್ತಿನಲ್ಲಿ ಬಿದ್ದರೆ ಲಯ ಕೆಟ್ಟು ಹೃದಯ ಬರೀ ಅದುರತೊಡಗುತ್ತದೆ, ರಕ್ತ ತಳ್ಳುವುದಿಲ್ಲ. ಇದರಲ್ಲೂ ಬಗೆಗಳಿವೆ. ಮೊದಲನೇ ಬಗೆಯವರಿಗೆ ಓಟ ಮತ್ತು ಈಜು ಅಪಾಯ. ಎರಡನೆಯವರಿಗೆ ನಿದ್ದೆಯಲ್ಲಿ ಅಲಾರಂ, ಫೋನು ಹೊಡೆದುಕೊಂಡರೂ ಸಾಕು. ಮೂರನೆಯವರು ಹೆಚ್ಚಾಗಿ ಮಲಗಿದಲ್ಲೇ ಹೋಗುತ್ತಾರೆ. ಸುಮಾರು 2,000 ಜನರಲ್ಲಿ ಒಬ್ಬರಿಗೆ ಈ ತೊಂದರೆ ಇರುತ್ತದೆ ಅಂತ ಲೆಕ್ಕ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ನಮ್ಮ ಮನೆಯಲ್ಲಿ ಅದು ಬಂದದ್ದು ನನ್ನಿಂದ. ನನಗೆ ನಮ್ಮಪ್ಪನಿಂದ. ಅಪ್ಪನಿಗೆ ಎಪ್ಪತ್ತು ದಾಟಿದೆ. ಹೊಲ ಉತ್ತವರು, ಮೂಟೆ ಹೊತ್ತವರು, ಒಂದು ದಿನ ತಲೆ ಸುತ್ತಿ ಕೂತವರಲ್ಲ. ಒಂದೇ ಜೀನು ಒಬ್ಬರನ್ನು ಎಪ್ಪತ್ತು ದಾಟಿಸುತ್ತದೆ, ಇನ್ನೊಬ್ಬರನ್ನು ಹನ್ನೊಂದಕ್ಕೆ ನಿಲ್ಲಿಸುತ್ತದೆ. ಯಾಕೆ ಹಾಗೆ ಅನ್ನುವುದಕ್ಕೆ ಡಾಕ್ಟರ ಹತ್ತಿರವೂ ಪೂರ್ತಿ ಉತ್ತರ ಇಲ್ಲ. ಅವರು ಎಲ್ಲ ಬಿಡಿಸಿ ಹೇಳಿ ಮುಗಿಸಿದ ಮೇಲೆ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಹಂಗಾರೆ ನನ್ ತಮ್ಮ ಈಜು ಬರದೆ ಮುಳುಗಿದ್ದಲ್ಲ ಅನ್ನಿ ಸ್ವಾಮಿ." ಡಾಕ್ಟರು, "ಇರಬಹುದು ಯಜಮಾನ್ರೇ" ಅಂದರು. ಇರಬಹುದು ಅಷ್ಟೇ. ಚಿಕ್ಕಪ್ಪನದೂ ಇಲ್ಲ, ನನ್ನ ಮಗಳದೂ ಇಲ್ಲ, ಪರೀಕ್ಷೆ ಮಾಡಿ ಖಚಿತವಾಗಿ ಹೇಳಲು ಒಂದು ಹನಿ ರಕ್ತ ಉಳಿದಿಲ್ಲ.

ಈಗ ಕೋಪದ ಮಾತು. ನನ್ನ ಮಗಳು ಹೋಗುವ ಮುಂಚೆ ಒಂದು ಸಲ ಶಾಲೆಯ ಕ್ರೀಡಾಕೂಟದಲ್ಲಿ ಓಡಿ ಬಂದು ಬಿದ್ದಿದ್ದಳು. ಬಿಳಿಚಿಕೊಂಡಳು, ಕೈಕಾಲು ಒಂದಷ್ಟು ಅದುರಿತು, ಸ್ವಲ್ಪ ಹೊತ್ತಿಗೆ ಎದ್ದು ನೀರು ಕೇಳಿದಳು. ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಫಿಟ್ಸ್ ಅಂದರು. ತಲೆಯ ಇಇಜಿ ಆಯಿತು, ಎಂಆರ್‌ಐ ಆಯಿತು, ಸಾವಿರಾರು ರೂಪಾಯಿ ಆಯಿತು. ಸಿರಪ್ ಬರೆದುಕೊಟ್ಟರು, ತಪ್ಪದೆ ಕುಡಿಸಿದೆವು. ಆ ಫೈಲು ಈಗಲೂ ನನ್ನ ಹತ್ತಿರ ಇದೆ. ದಪ್ಪ ಫೈಲು. ಅದರಲ್ಲಿ ಇಸಿಜಿ ಒಂದು ಇಲ್ಲ. ನೂರಿನ್ನೂರು ರೂಪಾಯಿಯ, ಐದು ನಿಮಿಷದ ಕೆಲಸ ಅದು.

ನಮ್ಮೊಬ್ಬರದೇ ಕಥೆ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಈ ಕಾಯಿಲೆಯನ್ನು ಫಿಟ್ಸ್ ಅಂದುಕೊಂಡು ವರ್ಷಗಟ್ಟಲೆ ಔಷಧಿ ಕೊಡುವುದು ಪ್ರಪಂಚದಾದ್ಯಂತ ಆಗುತ್ತಿರುವ ತಪ್ಪು. ಅದಕ್ಕೇ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದವರಿಗೆ 12 ಲೀಡಿನ, ಅಂದರೆ ಹೃದಯವನ್ನು 12 ಕೋನದಿಂದ ನೋಡುವ ಇಸಿಜಿ ತೆಗೆಯಬೇಕು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಮಗು ಓಡುವಾಗ, ಈಜುವಾಗ, ಬೆಚ್ಚಿಬಿದ್ದಾಗ ಪ್ರಜ್ಞೆ ತಪ್ಪಿದರೆ, ಬೇಗ ಎಚ್ಚರವಾಗಿ ಸರಿಯಾಗಿ ಮಾತಾಡಿದರೆ, ತಲೆಯ ಜೊತೆಗೆ ಎದೆಯನ್ನೂ ನೋಡಿ ಅಂತ ನೀವೇ ಕೇಳಿ. ಡಾಕ್ಟರು ಮುಖ ಸಿಂಡರಿಸಿದರೂ ಕೇಳಿ.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ದಿನಾ ಟಿವಿಯಲ್ಲಿ ಬಂತಲ್ಲ, ಆಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಬೆಳಗಿನ ಜಾವದಿಂದ ಸಾಲು ನಿಂತಿದ್ದರು. ಲಸಿಕೆಯಿಂದ ಅಂದರು, ಜಿಮ್ಮಿನಿಂದ ಅಂದರು, ಊಟದಿಂದ ಅಂದರು. ದೊಡ್ಡವರ ಹೃದಯಾಘಾತಕ್ಕೆ ಬಿಪಿ, ಶುಗರ್, ಸಿಗರೇಟು ಕಾರಣ ಇರುತ್ತವೆ, ಒಪ್ಪುತ್ತೇನೆ. ಆದರೆ ಆ ಎಲ್ಲ ಚರ್ಚೆಯಲ್ಲಿ 'ನಿಮ್ಮ ಮನೆಯಲ್ಲಿ ಇದಕ್ಕೆ ಮುಂಚೆ ಯಾರು ಹೀಗೆ ಹೋದರು' ಅನ್ನುವ ಪ್ರಶ್ನೆ ನನ್ನ ಕಿವಿಗೆ ಬೀಳಲೇ ಇಲ್ಲ. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಅಂತ ಆ ಜುಲೈನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು. ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಇದನ್ನು ಓದಿ ನನ್ನ ಮೇಲೆ ಸಿಟ್ಟಾಗುವ ಹಿರಿಯರಿದ್ದಾರೆ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ.

ಆದರೆ ಕೊಯ್ದು ನೋಡಿದರೆ ಮಾತ್ರ ಸಾಲದು. ಲಾಂಗ್ ಕ್ಯೂಟಿಯಲ್ಲಿ ಹೃದಯ ನೋಡುವುದಕ್ಕೆ ಪೂರ್ತಿ ಸರಿಯಾಗಿಯೇ ಇರುತ್ತದೆ. ದೋಷ ಇರುವುದು ವಿದ್ಯುತ್ತಿನಲ್ಲಿ, ಜೀವ ಹೋದ ಮೇಲೆ ಅದು ಕಾಣುವುದಿಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 1ರಿಂದ 35 ವರ್ಷದೊಳಗಿನವರ ಹಠಾತ್ ಹೃದಯ ಸಾವುಗಳನ್ನು ಪರಿಶೀಲಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಮರಣೋತ್ತರ ಪರೀಕ್ಷೆಯ ನಂತರವೂ ಶೇ. 40ರಷ್ಟು ಸಾವುಗಳಿಗೆ ಕಾರಣ ಸಿಕ್ಕಿರಲಿಲ್ಲ. ಅಂಥವರ ಜೀನ್ ಪರೀಕ್ಷೆ ಮಾಡಿದಾಗ ಶೇ. 27ರಷ್ಟು ಜನರಲ್ಲಿ ಕಾರಣ ಇರಬಹುದಾದ ದೋಷ ಕಂಡಿತು. ಅದಕ್ಕೆ ಬೇಕಾಗುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಸ್ವಲ್ಪ ರಕ್ತ, ತಂಪಿನಲ್ಲಿ ಇಟ್ಟದ್ದು. ಕೆಡದಂತೆ ಫಾರ್ಮಲಿನ್ ದ್ರಾವಣದಲ್ಲಿ ಹಾಕಿಟ್ಟ ಅಂಗಾಂಶದಿಂದ ಈ ಪರೀಕ್ಷೆ ಕಷ್ಟ. ಆದ್ದರಿಂದ ಮಗುವಿನ ಮರಣೋತ್ತರ ಪರೀಕ್ಷೆ ಆಗುತ್ತಿದ್ದರೆ, ಆ ಮನೆಯಲ್ಲಿ ಒಬ್ಬರಾದರೂ ಗಟ್ಟಿ ಮನಸ್ಸಿನವರು ಡಾಕ್ಟರನ್ನು ಕೇಳಬೇಕು: ಜೀನ್ ಪರೀಕ್ಷೆಗೆ ರಕ್ತ ಎತ್ತಿಡ್ತೀರಾ ಸರ್?

ಇನ್ನು ಬರೆಯಲು ಕಷ್ಟವಾದ ಭಾಗ. ನನ್ನಲ್ಲಿ ಈ ಜೀನ್ ಇದೆ ಅಂತ ಗೊತ್ತಾದ ದಿನದಿಂದ 'ತವರಿಂದ ತಂದಿದ್ದು' ಅನ್ನುವ ಮಾತು ಕೇಳಿದ್ದೇನೆ. ಎದುರಿಗೆ ಹೇಳುವವರು ಕಡಿಮೆ. ಮದುವೆ ಮನೆಯಲ್ಲಿ ನಾನು ಹೋದ ಕೂಡಲೇ ನಿಲ್ಲುವ ಮಾತುಗಳು ಜಾಸ್ತಿ. ನಮ್ಮಪ್ಪ ನನಗೆ ಬೇಕೆಂದು ಕೊಟ್ಟದ್ದಲ್ಲ, ನಾನು ನನ್ನ ಮಗಳಿಗೆ ಬೇಕೆಂದು ಕೊಟ್ಟದ್ದಲ್ಲ. ನಮ್ಮ ಯಜಮಾನರು ಒಂದು ದಿನ ಎಲ್ಲರ ಎದುರಿಗೆ, "ನನ್ನ ಕಡೆಯಿಂದ ಬಂದಿದ್ರೂ ಇಷ್ಟೇ ಅಲ್ವಾ?" ಅಂದರು. ಆ ಮೇಲೆ ಅವರ ಎದುರಿಗಾದರೂ ಆ ಮಾತು ನಿಂತಿತು.

ಇದಕ್ಕಿಂತ ನೋವು ಅಂದರೆ ನಮ್ಮ ಸೋದರತ್ತೆಯ ಕಡೆಯವರು ಇಸಿಜಿ ಮಾಡಿಸಲು ಒಪ್ಪದೆ ಇರುವುದು. ಅವರ ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರೆ. "ಏನಾದ್ರೂ ಬಂದ್ಬಿಟ್ರೆ ಯಾರು ಕಣೇ ಮಾಡ್ಕೊಳ್ತಾರೆ?" ಅಂತ ಅತ್ತೆ ಅತ್ತರು. ಅವರ ಭಯ ಸುಳ್ಳಲ್ಲ. ಸಂಬಂಧ ನೋಡುವಾಗ ಜನ ಹೇಗೆ ಲೆಕ್ಕ ಹಾಕುತ್ತಾರೆ ಅಂತ ನಮಗೆಲ್ಲ ಗೊತ್ತು. ಆದರೂ ಹೇಳುತ್ತೇನೆ ಅತ್ತೆ, ಗೊತ್ತಿದ್ದರೆ ಮಾತ್ರೆ ಇದೆ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಎರಡನೇ ಬಗೆಯ ಹೆಣ್ಣುಮಕ್ಕಳಿಗೆ ಅಪಾಯ ಹೆಚ್ಚು. ನಮ್ಮದು ಆ ಬಗೆ ಅಲ್ಲದಿದ್ದರೂ ಕೆಲವು ಔಷಧಿ ಕ್ಯೂಟಿಯನ್ನು ಇನ್ನೂ ಉದ್ದ ಮಾಡುತ್ತವೆ, ಬಾಣಂತನಕ್ಕೆ ಬಂದ ಹುಡುಗಿಗೆ ಯಾವುದು ಕೊಡಬಾರದು ಅಂತ ಮನೆಯವರಿಗೆ ಗೊತ್ತಿರಬೇಕು.

ರಕ್ತಸಂಬಂಧದ ಮದುವೆಯ ಬಗ್ಗೆಯೂ ಒಂದು ಮಾತು. ಕರ್ನಾಟಕದಲ್ಲಿ ಕಾಲುಭಾಗದಷ್ಟು ಹೆಂಗಸರು ಮಾವನನ್ನೋ, ಅತ್ತೆಯ ಮಗನನ್ನೋ, ಹೀಗೆ ಸಂಬಂಧದಲ್ಲೇ ಮದುವೆಯಾದವರು. ಒಂದೇ ದೋಷ ಎರಡೂ ಕಡೆಯಿಂದ ಬಂದರೆ ಲಾಂಗ್ ಕ್ಯೂಟಿಯ ಇನ್ನೂ ಕಠಿಣವಾದ ಒಂದು ಬಗೆ ಬರಬಹುದು. ಆ ಮಕ್ಕಳಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. 1957ರಲ್ಲಿ ನಾರ್ವೆಯ ಜರ್ವೆಲ್ ಮತ್ತು ಲಾಂಗೆ-ನೀಲ್ಸನ್ ಅನ್ನುವ ಇಬ್ಬರು ಡಾಕ್ಟರುಗಳು ಇದನ್ನು ಮೊದಲು ವಿವರಿಸಿದರು. ಅವರು ಬರೆದ ಆ ಒಂದೇ ಮನೆಯಲ್ಲಿ ಇಂಥ ನಾಲ್ಕು ಮಕ್ಕಳಿದ್ದವು, ಮೂರು ಹಠಾತ್ತಾಗಿ ಹೋದವು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಹುಟ್ಟಾ ಕಿವುಡ ಮಗು ಇದ್ದರೆ, ಆ ಮಗು ಯಾವಾಗಲಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದರೆ, ದಯವಿಟ್ಟು ಇಸಿಜಿ ಮಾಡಿಸಿ ಅಂತ ಆ ಮನೆಯವರಿಗೆ ಇವತ್ತೇ ಹೇಳಿ. ಕಿವುಡ ಮಕ್ಕಳ ಶಾಲೆಗಳಲ್ಲಿ ಪ್ರತಿ ಮಗುವಿಗೂ ಒಂದು ಇಸಿಜಿ ಆಗಬೇಕು ಅನ್ನುವುದು ನನ್ನ ಬೇಡಿಕೆ.

ಎಲ್ಲ ಶಾಲೆಯ ಎಲ್ಲ ಮಕ್ಕಳಿಗೂ ಮಾಡಿ ಅಂತ ಕೆಲವರು ಕೇಳುತ್ತಾರೆ. ಜಪಾನಿನಲ್ಲಿ ಶಾಲಾಮಕ್ಕಳಿಗೆ ಮಾಡುತ್ತಾರೆ. ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವ ಆಟಗಾರರಿಗೆ ಕಡ್ಡಾಯ. ನಮ್ಮಲ್ಲೂ ಆದರೆ ಬೇಡ ಅನ್ನುವುದಿಲ್ಲ. ಆದರೆ ಕೋಟಿಗಟ್ಟಲೆ ಹಾಳೆಗಳನ್ನು ಕೈಯಲ್ಲಿ ಅಳೆದು ಓದುವವರು ಎಲ್ಲಿದ್ದಾರೆ? ಜೀನ್ ಇದ್ದವರಲ್ಲೂ ಸುಮಾರು ಕಾಲುಭಾಗ ಜನರ ಇಸಿಜಿ ಸರಿಯಾಗಿಯೇ ಕಾಣುತ್ತದೆ. ಅಲ್ಲಿಯವರೆಗೆ ಕಾಯದೆ ಮಾಡಬಹುದಾದ ಕೆಲಸ ಇದೆ. ಹಠಾತ್ತಾಗಿ ಸತ್ತ ಮಗುವಿನ ಅಪ್ಪ, ಅಮ್ಮ, ಅಣ್ಣ, ತಂಗಿ, ಇಷ್ಟೇ ಜನ. ಮೆಷಿನ್ನು ತಾಲ್ಲೂಕು ಆಸ್ಪತ್ರೆಗೆ ಆಗಲೇ ಬಂದಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವು ಅಂತ ಬಂದವರಿಗೆ ಅಲ್ಲೇ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ. ಅದೇ ದಾರಿಯಲ್ಲಿ ಈ ಮನೆಗಳ ಹಾಳೆಗಳೂ ಹೋಗಲಿ.

ಹಠಾತ್ ಸಾವಿಗೆ ಲಾಂಗ್ ಕ್ಯೂಟಿ ಒಂದೇ ಕಾರಣವಲ್ಲ. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಇನ್ನೂ ಸಾಮಾನ್ಯ, ಸುಮಾರು 500 ಜನರಲ್ಲಿ ಒಬ್ಬರಿಗೆ. ಅದಕ್ಕೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಬೇಕು. ಭಾರತ ಉಪಖಂಡದವರಲ್ಲಿ ಸುಮಾರು ಶೇ. 4ರಷ್ಟು ಜನರಲ್ಲಿ ಇರುವ, ಹೃದಯದ ಸ್ನಾಯುವಿಗೆ ಸಂಬಂಧಿಸಿದ ಒಂದು ಜೀನ್ ದೋಷವನ್ನು ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಇದ್ದ ತಂಡ 2009ರಲ್ಲಿ ಪ್ರಕಟಿಸಿತ್ತು. ಅದಿರುವ ಎಲ್ಲರಿಗೂ ತೊಂದರೆ ಆಗುತ್ತದೆ ಅಂತಲ್ಲ, ಹೆದರಬೇಡಿ. ಆದರೆ 'ನಮ್ಮ ವಂಶದಲ್ಲಿ ಹಾಗೆಲ್ಲ ಏನಿಲ್ಲ' ಅಂತ ಯಾರೂ ಖಡಾಖಂಡಿತವಾಗಿ ಹೇಳುವಂತಿಲ್ಲ.

ನನ್ನ ಮಗ ಚೆನ್ನಾಗಿದ್ದಾನೆ. ದಿನಾ ಪ್ರೊಪ್ರನೊಲಾಲ್ ಮಾತ್ರೆ, ಬಡಿತ ವಿಪರೀತ ಏರದಂತೆ ತಡೆಯುವಂಥದ್ದು. ಕೆಲವೇ ರೂಪಾಯಿಯದು, ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಸಿಗುತ್ತದೆ. ನಮ್ಮ ಮನೆಯಲ್ಲಿರುವ ಬಗೆಯ ಲಾಂಗ್ ಕ್ಯೂಟಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಒಂದೇ ಒಂದು ಹೊತ್ತೂ ತಪ್ಪಿಸಬಾರದು ಅಷ್ಟೇ. ಒಬ್ಬನೇ ಈಜಲು ಇಳಿಯುವಂತಿಲ್ಲ. ಅವನಿಗೆ ಕೊಡಬಾರದ ಔಷಧಿಗಳ ಪಟ್ಟಿ ಲ್ಯಾಮಿನೇಟ್ ಮಾಡಿ ನನ್ನ ಪರ್ಸಿನಲ್ಲಿ, ಅವನ ಶಾಲೆಯ ಬ್ಯಾಗಿನಲ್ಲಿ, ಅವನ ಕ್ಲಾಸ್ ಟೀಚರ್ ಹತ್ತಿರ ಇಟ್ಟಿದ್ದೇನೆ. ವಾಂತಿ ಅಂತ ಹೋದರೆ ಯಾರಾದರೂ ಬರೆದುಕೊಡುವ ಡೊಂಪೆರಿಡೋನ್, ಒಂಡಾನ್‌ಸೆಟ್ರಾನ್, ಕೆಮ್ಮು ಜ್ವರಕ್ಕೆ ಕೊಡುವ ಅಜಿತ್ರೊಮೈಸಿನ್, ಎಲ್ಲ ಅದರಲ್ಲಿವೆ. ಮೆಡಿಕಲ್ ಶಾಪಿನ ಹುಡುಗನಿಗೂ ಈಗ ಆ ಪಟ್ಟಿ ಬಾಯಿಪಾಠ. ಹೊಸ ಮಾತ್ರೆ ಕೇಳಿದರೆ ಅವನೇ, "ಅಕ್ಕ, ಒಂದ್ಸಲ ಡಾಕ್ಟರನ್ನ ಕೇಳ್ಬಿಡಿ" ಅನ್ನುತ್ತಾನೆ.

ನಿಮ್ಮ ಮನೆಯಲ್ಲಿ, ಗೊತ್ತಿರುವವರ ಮನೆಯಲ್ಲಿ ಚಿಕ್ಕ ವಯಸ್ಸಿನವರು ಹೀಗೆ ಹೋಗಿದ್ದರೆ ಇನ್‌ಬಾಕ್ಸಿಗೆ ಬರೆಯಿರಿ. ಎಷ್ಟು ವರ್ಷದ ಹಿಂದಿನದಾದರೂ ಪರವಾಗಿಲ್ಲ. ಆಸ್ಪತ್ರೆಗೆ ಹೋಗುವಾಗ ಯಾವ ಹಳೇ ಕಾಗದ ತೆಗೆದುಕೊಂಡು ಹೋಗಬೇಕು, ಡಾಕ್ಟರ ಹತ್ತಿರ ಮನೆತನದ ಕಥೆಯನ್ನು ಹೇಗೆ ಹೇಳಬೇಕು ಅಂತ ನನಗೆ ತಿಳಿದಷ್ಟು ಹೇಳಿಕೊಡುತ್ತೇನೆ. ಹಗಲು ಕೆಲಸ ಇರುತ್ತದೆ, ರಾತ್ರಿ ಮಗ ಮಲಗಿದ ಮೇಲೆ ಉತ್ತರಿಸುತ್ತೇನೆ. ಬರೆಯಲು ಬಾರದ ಅಪ್ಪ ಅಮ್ಮಂದಿರಿದ್ದರೆ ಅವರ ಪರವಾಗಿ ನೀವು ಬರೆಯಿರಿ.