ಕನ್ನಡಕದ ನಂಬರ್ ನೋಡಿಸಿದರೆ ರೆಟಿನಾ ನೋಡಿಸಿದಂತಲ್ಲ

‘ವರ್ಷಕ್ಕೊಮ್ಮೆ ಕಣ್ಣು ತೋರಿಸಿ’ ಎಂಬ ಮಾತು ಸರಿ. ಆದರೆ ಗೋಡೆಯ ಅಕ್ಷರ ಓದಿಸಿ ನಂಬರ್ ಕೊಟ್ಟರೆ ಅದು ರೆಟಿನಾ (ಕಣ್ಣಿನ ಒಳಪರದೆ) ಪರೀಕ್ಷೆಯಲ್ಲ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ, 20–30 ನಿಮಿಷ ಬಿಟ್ಟು, ಒಳಪರದೆಯ ಅಂಚಿನವರೆಗೂ ನೋಡಬೇಕು. ಆಮೇಲೆ ನಾಲ್ಕಾರು ಗಂಟೆ ಹತ್ತಿರದ್ದು ಮಸುಕು, ಬೆಳಕು ಚುಚ್ಚುತ್ತದೆ. ಗಾಡಿ ಓಡಿಸಬೇಡಿ, ತಂಪು ಕನ್ನಡಕ ಜೊತೆಗಿರಲಿ.

ಸಕ್ಕರೆ ಕಾಯಿಲೆ ರೆಟಿನಾದ ರಕ್ತನಾಳಗಳನ್ನು ಹಾಳುಮಾಡಬಲ್ಲದು; ಹಾಗಾಗಿ ಟೈಪ್ 2 ಸಕ್ಕರೆ ಕಾಯಿಲೆ ಗೊತ್ತಾದ ಕೂಡಲೇ ಈ ಪರೀಕ್ಷೆ ಆಗಬೇಕು. ಕಾಯಿಲೆ ಪತ್ತೆಯಾಗುವ ಎಷ್ಟೋ ವರ್ಷ ಮೊದಲೇ ಶುರುವಾಗಿರಬಹುದು. ಟೈಪ್ 1 ಆದರೆ ಐದು ವರ್ಷದೊಳಗೆ. ಕೊನೆಯ ಸಾಲು ಸಲೀಸಾಗಿ ಓದುವ ಕಣ್ಣಲ್ಲೂ ರಕ್ತದ ಚುಕ್ಕೆಗಳಿರಬಹುದು. ‘ಚೆನ್ನಾಗೇ ಕಾಣ್ತಿದೆಯಲ್ಲ’ ಅನ್ನುವುದೇ ಇಲ್ಲಿ ದೊಡ್ಡ ಮೋಸ.

ವಯಸ್ಸಾದವರು ರೆಟಿನಾದ ನಡುಭಾಗದ ದೋಷ ತಿಳಿಯಲು ಮನೆಯಲ್ಲಿ ಚೌಕುಳಿ ಹಾಳೆ (ಆಮ್ಸ್ಲರ್ ಗ್ರಿಡ್) ನೋಡುತ್ತಿರಲಿ: ಓದುವ ಕನ್ನಡಕ ಹಾಕಿಕೊಂಡು, ಸುಮಾರು 30 ಸೆಂ.ಮೀ. ದೂರ, ಒಂದೊಂದೇ ಕಣ್ಣಲ್ಲಿ. ಎರಡೂ ಕಣ್ಣು ತೆರೆದು ನೋಡಿದರೆ ಚೆನ್ನಾಗಿರುವ ಕಣ್ಣು ಇನ್ನೊಂದರ ದೋಷ ಮುಚ್ಚಿಹಾಕುತ್ತದೆ. ಗೆರೆ ಸೊಟ್ಟಗಾದರೆ ವಾರದೊಳಗೆ ವೈದ್ಯರಿಗೆ ತೋರಿಸಿ.

ಮಿಂಚು, ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಸುರಿಮಳೆ, ಬದಿಯಿಂದ ಪರದೆ ಎಳೆದಂತೆ ನೆರಳು ಕಂಡರೆ ಅವತ್ತೇ ಹೋಗಿ. ರೆಟಿನಾ ಬರೀ ಹರಿದಿದ್ದರೆ ಲೇಸರ್‌ನಲ್ಲಿ ಮುಗಿಯಬಹುದು, ಕಳಚಿದರೆ ಆಪರೇಷನ್.